ರಜೆಚೀಟಿಯ ಜ್ವರ

"ಒಂದು ಸಾಲು ಮುಗಿಸಾಕ ಬಿಡ್ರಿ ಅಕ್ಕೋರ. ಇದು ಮೂರನೇ ಸಲ ತಡದ್ರಿ," ಎಂದು ದಾಕ್ಷಾಯಣಿ ಸಿಡುಕಿದಳು.

ಹೊಳೆದಂಡೆಯ ಆಶ್ರಮದಲ್ಲಿದ್ದ ಅಕ್ಕೋರು ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಈಗ ಕೇಳಿ ಬಂದವರಿಗೆಲ್ಲ ಜಗಲಿಯ ಮೇಲೆ ಕಲಿಸುತ್ತಿದ್ದರು.

"ಸಫರಿಂಗ್ ವಿತ್ ಅಲ್ಲ, ಸಫರಿಂಗ್ ಫ್ರಮ್. ಮತ್ತ ಓದು," ಎಂದರು.

ದಾಕ್ಷಾಯಣಿ ತಿದ್ದಿಕೊಂಡು ಓದಿದಳು. ಜ್ವರದಿಂದ ನರಳುತ್ತಿದ್ದೇನೆ, ನಾಲ್ಕು ದಿನ ರಜೆ ಕೊಡಬೇಕು ಎಂಬ ಚೀಟಿ ಅದು. ಅವಳು ಆಯಾ ಆಗಿದ್ದ ಶಾಲೆಯಲ್ಲಿ ರಜೆಚೀಟಿ ಇಂಗ್ಲಿಷಿನಲ್ಲೇ ಇರಬೇಕು. ಇನ್ನೊಮ್ಮೆ ಚೀಟಿಯಿಲ್ಲದೆ ತಪ್ಪಿಸಿದರೆ ಕೆಲಸಕ್ಕೆ ಬರುವುದೇ ಬೇಡ ಎಂದು ದೊಡ್ಡ ಮೇಡಂ ಹೇಳಿಬಿಟ್ಟಿದ್ದರು. ಮಗನ ಹಾಲು ನಡೆಯುತ್ತಿದ್ದದ್ದು ಆ ಸಂಬಳದಲ್ಲೇ.

ಅಕ್ಕೋರು ಕೈ ಚಾಚಿ ಅವಳ ಹಣೆ ಮುಟ್ಟಿದರು.

"ತಣ್ಣಗೈತಲ್ಲ."

"ಚೀಟ್ಯಾಗ ಜ್ವರಾನ ಬರೀಬೇಕ್ರಿ. ಹತ್ತನೇ ಕ್ಲಾಸಿನಾಗ ಕಲಿಸಿದ್ದು ಅದೊಂದ. ತಂಗಿ ಮದುವಿಗೂ ಜ್ವರ ಬರದೀನಿ, ಮಗನ ಜಾವಳಕ್ಕೂ ಜ್ವರ ಬರದೀನಿ."

"ಈ ಸಲ ಯಾರ ಮದುವಿ?"

ದಾಕ್ಷಾಯಣಿ ನೆಲ ನೋಡುತ್ತ ಹೇಳಿದಳು. ಬೆಳಿಗ್ಗೆ ಎಚ್ಚರವಾಗುತ್ತದೆ, ಏಳಲು ಆಗುವುದಿಲ್ಲ. ಮಗ ಪಕ್ಕದಲ್ಲೇ ಅಳುತ್ತಾನೆ, ಯಾರದೋ ಮನೆಯಲ್ಲಿ ಅತ್ತ ಹಾಗೆ ಕೇಳುತ್ತದೆ. ನಿನ್ನೆ ಅತ್ತು ಅತ್ತು ಹಸಿದೇ ಮಲಗಿದ. ಅವಳ ಕೈ ಏಳಲಿಲ್ಲ. ಗಂಡ ಮೈಗಳ್ಳತನ ಅಂದ. ಅತ್ತೆ ನಾಟಕ ಅಂದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಅಂದರು.

"ಏನೂ ಇಲ್ಲದಾಕಿಗೆ ಯಾರು ರಜಾ ಕೊಡ್ತಾರ್ರಿ?"

ಅಕ್ಕೋರು ಪೆನ್ನು ತೆಗೆದುಕೊಂಡು ಜ್ವರ ಎಂಬ ಒಂದೇ ಪದದ ಮೇಲೆ ಗೆರೆ ಎಳೆದರು.

"ಉಳಿದದ್ದೆಲ್ಲ ಸರಿ ಐತಿ," ಎಂದು ಚೀಟಿ, ಪೆನ್ನು ಎರಡನ್ನೂ ಅವಳ ಕೈಗಿಟ್ಟರು.

"ಇದ್ದದ್ದೊಂದು ಜ್ವರಾನೂ ತಗದ್ರಲ್ಲ. ಇನ್ನ ಏನಂತ ಬರೀಲಿ?"

ಅಕ್ಕೋರು ಗೆರೆ ಎಳೆದ ಪದದ ಪಕ್ಕದ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸಿದರು.

ದಾಕ್ಷಾಯಣಿ ಫ್ರಮ್ ಎಂಬುದರ ಮುಂದೆ ಪೆನ್ನು ಊರಿದಳು. ಒಂದಕ್ಷರವೂ ಇಳಿಯಲಿಲ್ಲ.

"ಜ್ವರ ಅಲ್ಲಂದ್ರ," ಎಂದು ಅಕ್ಕೋರು ಮೆಲ್ಲಗೆ ಕೇಳಿದರು, "ನೀ ಯಾತರಿಂದ ನರಳಾಕತ್ತೀ, ಮಗಳ?"