ಗುಡ್ಡದ ದಾಯಾದಿ

ಕುರಿಹಟ್ಟಿ ಕಾಯುವ ನಾಯಿಯ ಮುಂದೆ ಗುಡ್ಡದ ತೋಳವೊಂದು ಬಂದು ಕೂತಿತು.

"ಏನೋ ತಮ್ಮಾ, ನಮ್ಮಿಬ್ಬರ ಮೂಲಪುರುಷ ಒಬ್ಬನೇ ಎಂಬುದು ಗೊತ್ತೋ ಇಲ್ಲವೋ? ಅವನ ಒಬ್ಬ ಮಗ ಗುಡ್ಡದಲ್ಲೇ ಉಳಿದ. ಅದು ನಮ್ಮ ಶಾಖೆ. ಇನ್ನೊಬ್ಬ ಮನುಷ್ಯರ ಬೆಂಕಿಯ ಕಾವಿಗೆ ಆಸೆಪಟ್ಟು ಕೆಳಗಿಳಿದ. ಅದು ನಿಮ್ಮದು."

"ಗೊತ್ತಣ್ಣ. ಹಿರಿಯರು ಹೇಳುತ್ತಿದ್ದರು" ಎಂದಿತು ನಾಯಿ.

"ಹಾಗಾದರೆ ನಾವು ದಾಯಾದಿಗಳು. ಇಷ್ಟು ಕಾಲ ಈ ಹಟ್ಟಿಯನ್ನು ನೀನೊಬ್ಬನೇ ಅನುಭವಿಸಿದೆ. ನನ್ನ ಪಾಲಿಗೆ ಆ ಬಿಳಿ ಮರಿಯನ್ನು ಕೊಟ್ಟುಬಿಡು."

ಬಿಳಿ ಮರಿ ತಾಯಿಯ ಹೊಟ್ಟೆಯಡಿ ನುಸುಳಿತು. ನಾಯಿ ಸ್ವಲ್ಪ ಯೋಚಿಸಿತು.

"ನ್ಯಾಯವಾದ ಮಾತು. ಆದರೆ ಪಾಲು ಮಾಡುವಾಗ ದಾಯಾದಿಗಳೆಲ್ಲ ಇರಬೇಕಲ್ಲ? ಕೆಳಗಿಳಿದವನ ವಂಶ ಊರೂರಿಗೂ ಹಬ್ಬಿದೆ. ಇರು, ಕರೆಯುತ್ತೇನೆ" ಎಂದು ಕತ್ತೆತ್ತಿ ಬೊಗಳಿತು. ಪಕ್ಕದ ಹಟ್ಟಿಯಿಂದ ಉತ್ತರ ಬಂತು, ಅದರಾಚೆಯ ಊರಿಂದಲೂ ಬಂತು. ಕರಿಯವು, ಕಂದು ಬಣ್ಣದವು, ಕಿವಿ ಹರಿದವು, ಬಾಲ ಮೊಂಡಾದವು, ಹೀಗೆ ನಾಯಿಗಳ ಹಿಂಡೇ ಧೂಳೆಬ್ಬಿಸುತ್ತ ಓಡಿಬಂತು.

"ನೋಡಣ್ಣ, ಎಲ್ಲರೂ ನಮ್ಮವರೇ. ಪಿತ್ರಾರ್ಜಿತ ಅಂದರೆ ಗುಡ್ಡ ತಾನೇ? ಮೊದಲು ಅದನ್ನು ಭಾಗ ಮಾಡೋಣ."

ತೋಳ ಆಗಲೇ ಎದ್ದು ನಿಂತಿತ್ತು. "ಈಗ ನೆನಪಾಯಿತು ನೋಡು, ನಮ್ಮಪ್ಪ ನರಿ" ಎಂದು ಹೇಳಿ ಓಟ ಕಿತ್ತಿತು.