ಜೋಗುಳದ ಕೊನೆಯ ನುಡಿ

"ಗುರುಗಳೇ, ನಾನು ಕಟ್ಟಿದ ಪದವನ್ನು ಊರೆಲ್ಲ ಹಾಡುತ್ತದೆ. ಕಟ್ಟಿದವನು ರೇವಯ್ಯ ಅಂತ ಒಬ್ಬರೂ ಹೇಳುವುದಿಲ್ಲ. ಇದು ನ್ಯಾಯವೇ?" ಎಂದು ಶಿಷ್ಯ ಕೇಳಿದ.

"ಅಯ್ಯೋ ಪಾಪ, ಹೊಟ್ಟೆ ಉರಿಯಿತೇನೋ?" ಎಂದು ಗುರುಗಳು ನಕ್ಕರು. "ಕೂತುಕೋ. ನಿನ್ನಂಥವನೇ ಒಬ್ಬನಿದ್ದ."

ನಮ್ಮ ಅಜ್ಜಂದಿರ ಕಾಲದಲ್ಲಿ ಒಬ್ಬ ಕವಿ ನಾಟಕದ ಕಂಪನಿಗೆ ಹಾಡು ಬರೆಯುತ್ತಿದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೆಸರು ಹೇಳುವವರು ಯಾರೂ ಇಲ್ಲ. ಅದಕ್ಕೇ ಪ್ರತಿ ಹಾಡಿನ ಕೊನೆಯ ನುಡಿಯಲ್ಲಿ ತನ್ನ ಹೆಸರು ಸೇರಿಸುತ್ತಿದ್ದ. ಕಂಪನಿಯವರು ಅಲ್ಲಿಯವರೆಗೆ ಹಾಡುತ್ತಲೇ ಇರಲಿಲ್ಲ. ಒಂದೇ ಒಂದು ಸಲ ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು.

ಅವನ ಒಂದು ಜೋಗುಳಕ್ಕೆ ಜನ ಹುಚ್ಚಾದರು. ನಟಿ ಮೊದಲ ನುಡಿ ಮುಗಿಸುವಷ್ಟರಲ್ಲಿ "ಒನ್ಸ್ ಮೋರ್" ಎಂದು ಕೂಗುವರು. ಆಕೆ ಅದನ್ನೇ ನಾಲ್ಕು ಸಲ ಹಾಡಿ ಒಳಗೆ ಹೋಗುವಳು. ಆಮೇಲೆ ಹಾಡು ಗ್ರಾಮಫೋನ್ ಪ್ಲೇಟಿಗೂ ಬಂತು. ಪ್ಲೇಟು ಓಡುವುದು ಮೂರೇ ನಿಮಿಷ. ಕೊನೆಯ ನುಡಿಗೆ ಅಲ್ಲಿಯೂ ಜಾಗ ಸಿಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು.

ಕಂಪನಿ ಮುಚ್ಚಿತು, ಕವಿ ಮುದುಕನಾದ. ಒಂದು ಮಧ್ಯಾಹ್ನ ಯಾವುದೋ ಊರಿನ ಬೀದಿಯಲ್ಲಿ ಹೋಗುತ್ತಿದ್ದಾಗ ಒಂದು ಮನೆಯೊಳಗಿಂದ ಅದೇ ಜೋಗುಳ ಕೇಳಿಸಿತು. ತಾಯಿಯೊಬ್ಬಳು ತೊಟ್ಟಿಲು ತೂಗುತ್ತ ಹಾಡುತ್ತಿದ್ದಳು. ಕವಿ ಜಗಲಿ ಹತ್ತಿ ಕಂಬ ಹಿಡಿದು ನಿಂತ. ಪ್ಲೇಟು ನಿಲ್ಲುವ ಕಡೆ ಆಕೆ ನಿಲ್ಲಲಿಲ್ಲ. ಕಂಪನಿಯವರು ಮಾರುತ್ತಿದ್ದ ಹಾಡಿನ ಪುಸ್ತಕ ನೋಡಿ ಕಲಿತಿದ್ದಳೋ ಏನೋ, ಮುಂದಕ್ಕೆ ಹೋದಳು. ಇನ್ನು ಒಂದೇ ನುಡಿ. ಮುದುಕ ಬಾಗಿಲ ಕಡೆಗೆ ಬಾಗಿ ಕಿವಿಗೊಟ್ಟ.

ಅಷ್ಟರಲ್ಲಿ ಹಾಡು ನಿಂತಿತು.

"ಇನ್ನೂ ಒಂದು ನುಡಿ ಇದೆಯಲ್ಲ ತಾಯೀ!" ಎಂದುಬಿಟ್ಟ. ಅವನಿಗೆ ಅಳುವೇ ಬಂದಿತ್ತು.

ಆಕೆ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಳು. "ಗೊತ್ತು ಅಜ್ಜ. ಮೂರು ದಿನದಿಂದ ಜ್ವರ, ಕೂಸು ಕಣ್ಣೇ ಮುಚ್ಚಿರಲಿಲ್ಲ. ಈಗ ಮಲಗಿತು."

ಕವಿ ತೊಟ್ಟಿಲ ಕಡೆ ನೋಡಿದ. ಆಮೇಲೆ ಕಿರುಗುಟ್ಟುವ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಬೀದಿಗಿಳಿದು ಹೋದ.

ಗುರುಗಳು ಕತೆ ನಿಲ್ಲಿಸಿದರು. ರೇವಯ್ಯನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಆ ಕವಿಯ ಹೆಸರೇನು ಗುರುಗಳೇ?" ಎಂದು ಜೋರಾಗಿ ಕೇಳಿದ.

ಗುರುಗಳು ಹೇಳಿದರು: "ಮೆಲ್ಲಗೆ ಕಣೋ, ಕೂಸು ಮಲಗಿದೆ."