ಉಪ್ಪಿನ ಕಣದ ಗಟ್ಟಿತನ

ಕಡಲಿನಿಂದ ಮೇಲೆದ್ದ ಉಪ್ಪಿನ ಕಣವೊಂದು ಒಣಗಾಳಿಯಲ್ಲಿ ತೇಲುತ್ತಾ ಪಟ್ಟಣದ ಮೇಲೆ ಬಂತು. ಕಾರ್ಖಾನೆಯ ಚಿಮಣಿಯಿಂದ ಎದ್ದ ಗಂಧಕದ ಹೊಗೆ ಅದನ್ನು ತಡೆದು, "ಅಯ್ಯಾ, ನಿನ್ನೊಳಗೆ ಒಂದಿಷ್ಟು ಜಾಗ ಕೊಡು" ಎಂದಿತು.

"ನಾನು ಕಲ್ಲಿನಂಥವನು. ನನ್ನ ಮೈ ಮುಟ್ಟಿದವರಿದ್ದಾರೆ, ಒಳಗೆ ಬಂದವರಿಲ್ಲ" ಎಂದಿತು ಉಪ್ಪು.

"ಹಾಗಾದರೆ ಕಾಯುತ್ತೇನೆ" ಎಂದು ಹೊಗೆ ಪಕ್ಕದಲ್ಲೇ ಉಳಿಯಿತು.

ಸಂಜೆ ಕಡಲ ಕಡೆಯಿಂದ ತೇವದ ಗಾಳಿ ಬೀಸಿತು. "ನಮ್ಮೂರ ಗಾಳಿ!" ಎಂದು ಉಪ್ಪು ಅದನ್ನು ಆಸೆಯಿಂದ ಹೀರಿತು. ಹೀರುತ್ತಾ ಉಬ್ಬಿತು, ಕೊನೆಗೆ ಕರಗಿ ಹನಿಯಾಯಿತು. ಹೊಗೆ ಈ ಸಲ ಕೇಳಲೂ ಇಲ್ಲ, ಒಳಹೊಕ್ಕಿತು. ಹನಿಯೆಲ್ಲ ಹುಳಿಯಾಗತೊಡಗಿತು.

"ನನ್ನ ಗಟ್ಟಿತನ ಎಲ್ಲಿ ಹೋಯಿತು?" ಎಂದು ಹನಿ ಅತ್ತಿತು.

ಹೊಗೆ ಒಳಗಿನಿಂದಲೇ ಹೇಳಿತು: "ಅದು ನಿನ್ನದಾಗಿರಲೇ ಇಲ್ಲ, ತಮ್ಮಾ. ಅಲ್ಲಿಯವರೆಗೆ ಗಾಳಿ ಒಣಗಿತ್ತು, ಅಷ್ಟೆ."